ಅಪ್ಪನ ಕಂಪ್ಯೂಟರ್ ಕನ್ನಡ ಮಾತಾಡಿತು

ಮಹಾಲಕ್ಷ್ಮಿ ಲೇಔಟ್, ಬೆಂಗಳೂರು
೨೫ ನವೆಂಬರ್ ೨೦೨೫

ಪ್ರೀತಿಯ ಕಿಟ್ಟಿ,

ಹೇಗಿದೀಯೋ? ಕೆಮ್ಮು ವಾಸಿಯಾಯ್ತಾ? ಅಂಡಮಾನಿನ ಆ ದೀಪಸ್ತಂಭ ದಿನಾ ಹತ್ತಿ ಇಳಿದು ಮಂಡಿನೋವು ತಂದ್ಕೊಂಡಿಲ್ಲ ತಾನೆ? ಫೋನ್ ಮಾಡೋಣ ಅಂದ್ರೆ ನಿನಗೆ ಸಿಗ್ನಲ್ಲೇ ಸಿಗಲ್ಲ. ನಾನು ಚೆನ್ನಾಗಿದೀನಿ. ಅಪ್ಪನೂ ಆರಾಮ. ಕಣ್ಣು ಪೂರ್ತಿ ಹೋದ್ಮೇಲೆ ಅವರನ್ನ ಇಷ್ಟು ಖುಷಿಯಾಗಿ ನಾನು ನೋಡೇ ಇರಲಿಲ್ಲ ಕಣೋ. ಯಾಕೆ ಅಂತ ಹೇಳ್ತೀನಿ.

ಅಪ್ಪನ ಕಂಪ್ಯೂಟರಿನಲ್ಲಿರೋ ವಿಂಡೋಸ್‌ಗೆ ಇನ್ಮೇಲೆ ಅಪ್‌ಡೇಟ್ ಬರಲ್ಲ ಅಂತ ಹೋದ ತಿಂಗಳು ಗೊತ್ತಾಯ್ತು. ಹೊಸ ವಿಂಡೋಸ್ ಆ ಹಳೇ ಮಿಷಿನ್‌ಗೆ ಒಗ್ಗಲ್ಲ. ನನ್ನ ಆಫೀಸಿನ ರಕ್ಷಾ, "ವಿಂಡೋಸ್ ಬದಲು ಲಿನಕ್ಸ್ ಹಾಕಿ ನೋಡೇ, ಸ್ಕ್ರೀನ್ ಓದಿ ಹೇಳೋದೂ ಅದರಲ್ಲೇ ಇರುತ್ತೆ" ಅಂದ್ಲು. ಅಪ್ಪಂಗೆ ಹೇಳಿದ್ರೆ ಮುಖ ಬಾಡಿಹೋಯ್ತು. ಪಾಪ, ಬೆಳಗಾದ್ರೆ ಅದರಲ್ಲಿ ಇಂಗ್ಲಿಷ್ ಪೇಪರ್ ಓದಿಸಿಕೊಂಡು ಬೀದಿಗೆಲ್ಲ ಸುದ್ದಿ ಹೇಳೋ ಮನುಷ್ಯ. "ಕಣ್ಣು ಹೋದ್ಮೇಲೆ ಒಂದೊಂದು ಕೀನೂ ಬೆರಳಿಗೆ ಕಲಿಸಿದೀನಿ. ಇನ್ನೊಂದ್ಸಲ ಕತ್ತಲಿಗೆ ತಳ್ಳಬೇಡ ಕಣೇ" ಅಂದ್ರು. ನಾನು ಆ ಮಾತೇ ಬಿಟ್ಟುಬಿಟ್ಟೆ.

ರಕ್ಷಾ ಬಿಡಲಿಲ್ಲ. ಭಾನುವಾರ ಪೆನ್‌ಡ್ರೈವ್ ಹಿಡ್ಕೊಂಡು ಬಂದೇಬಿಟ್ಲು. "ಅಂಕಲ್, ಹಳೇದು ಏನೂ ಅಳಿಸಲ್ಲ. ಇದರಿಂದಾನೇ ನಡೆಸಿ ತೋರಿಸ್ತೀನಿ. ಬೇಡ ಅಂದ್ರೆ ಕಿತ್ತುಕೊಂಡು ಹೋಗ್ತೀನಿ" ಅಂದ್ಲು. ಅಪ್ಪ ಕೈಕಟ್ಟಿ ಕೂತಿದ್ರು. ರಕ್ಷಾ ಕನ್ನಡ ದನಿ ಆರಿಸಿ, ಅಪ್ಪನ ಹೆಸರು "ದೊಡ್ಡಹನುಮಯ್ಯ" ಅಂತ ಟೈಪ್ ಮಾಡಿ ಓದಿಸಿದ್ಲು. ಇಷ್ಟು ವರ್ಷ ಇಂಗ್ಲಿಷ್ ದನಿ ಆ ಹೆಸರನ್ನ ಏನೇನೋ ಮಾಡಿ ಹೇಳ್ತಿತ್ತಲ್ಲ, ಇದು ಸರಿಯಾಗಿ ಅಂತು ಕಿಟ್ಟಿ! ದನಿ ಇಂಪಾಗೇನಿಲ್ಲ, ಡಬ್ಬದೊಳಗೆ ಕೂತು ಮಾತಾಡಿದ ಹಾಗಿದೆ. ಆದ್ರೂ ಅಪ್ಪ ಕಟ್ಟಿದ ಕೈ ಬಿಚ್ಚಿ, "ಇನ್ನೊಂದ್ಸಲ ಹೇಳಿಸಮ್ಮಾ" ಅಂದ್ರು. ಆಮೇಲೆ ಅವರೇ ಕೀಬೋರ್ಡ್ ಎಳ್ಕೊಂಡ್ರು. ದಾರಿ ತಪ್ಪಿದ್ರು, ಗೊಣಗಿದ್ರು, ಮತ್ತೆ ದಾರಿ ಹುಡುಕ್ಕೊಂಡ್ರು. ಮೆನುವಿನ ಒಂದೊಂದು ಮಾತೂ ಕನ್ನಡದಲ್ಲಿ.

ಇದನ್ನ ಯಾರು ಮಾಡಿದ್ದು ಅಂತ ಕೇಳಿದ್ರು. ಜಗತ್ತಿನ ಎಲ್ಲೆಲ್ಲೋ ಕೂತಿರೋರು ಸೇರಿ ಮಾಡಿ, ಯಾರು ಬೇಕಾದ್ರೂ ತಗೊಳ್ಳಿ ಅಂತ ಬಿಟ್ಟಿದಾರೆ ಅಂದ್ಲು ರಕ್ಷಾ. ಅಪ್ಪ ಕೀಬೋರ್ಡಿನ ಮೇಲೆ ಕೈಯಾಡಿಸಿದ್ರು. "ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಕಣ್ಣಿಲ್ಲದೋನೊಬ್ಬ ಇಲ್ಲಿ ಕಾಯ್ತಾ ಕೂತಿದಾನೆ ಅಂತ ಅವರಿಗೆ ಹೇಗಮ್ಮಾ ತಿಳೀತು?" ಅಂದ್ರು.

ಸಂಜೆ ಕಾಫಿ ಕುಡಿದು ಅವರೇ, "ಹಾಕ್ಬಿಡಿ" ಅಂದ್ರು. ಫೈಲೆಲ್ಲ ಬೇರೆ ಕಡೆ ಉಳಿಸಿ ಹಾಕಿದ್ವಿ. ಪ್ರಿಂಟರ್ ಮಾತ್ರ ಇನ್ನೂ ಹಟ ಮಾಡ್ತಿದೆ, ಅದಕ್ಕೇ ಈ ನನ್ನ ಕಾಗೆಕಾಲಿನ ಅಕ್ಷರ ಸಹಿಸ್ಕೋ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಮ್ಮ ಲೇಔಟಿನ ಗುಡ್ಡದ ಮೇಲಿನ ವೀರಾಂಜನೇಯ ನಿನ್ನನ್ನ ಕಾಯ್ಲಿ.

ನಿನ್ನ ಅಕ್ಕ,
ರಂಜಿನಿ

ಮರೆತಿದ್ದೆ: ಅಪ್ಪನ್ನ ನೋಡ್ಕೊಳ್ಳೋಕೆ ನೌಕರಿ ಬಿಟ್ಟು ಬರ್ತೀನಿ ಅಂತ ಬರೆದಿದ್ದೆಯಲ್ಲ, ರಾಜೀನಾಮೆ ಕೊಡಬೇಡ. ಅವತ್ತು ನಿನ್ನ ಕಾಗದ ಓದಿ ಹೇಳಿದಾಗ ಅಪ್ಪ ತುಟಿ ಬಿಚ್ಚಿರಲಿಲ್ಲ. ಈಗ ಕವರ್ ಅಂಟಿಸ್ತಿದ್ರೆ ಬಂದು ಹೇಳಿದ್ರು: "ಅವನು ದೀಪ ನೋಡ್ಕೊಳ್ಲಿ, ನನ್ನ ನಾನು ನೋಡ್ಕೋತೀನಿ. ರಜಕ್ಕೆ ಬಂದಾಗ ಸಮುದ್ರ ಹೇಗಿದೆ ಅಂತ ಕೂತು ಹೇಳ್ಲಿ, ಸಾಕು."