ಏಣಿಯ ಸ್ಕ್ರೂಗಳು

ಭಾವನವರಿಗೆ ನಮಸ್ಕಾರ.

ನಿಮ್ಮ ಸ್ಕೀ ಬೋಟಿಗೆ ನಿಧಾನವಾಗಿ ನೀರು ಸೇರುತ್ತಿದ್ದ ಜಾಗ ಸಿಕ್ಕಿದೆ. ಶನಿವಾರದ ಪಂದ್ಯದಲ್ಲಿ ಸ್ಕೀ ಆಟಗಾರರನ್ನು ನೀರ ಮೇಲೆ ಎಳೆದೊಯ್ಯಲು, ಬೋಟು ಓಡಿಸಲು ಅಕ್ಕನ ಬದಲು ಬೇರೆಯವರನ್ನು ಗೊತ್ತುಮಾಡಿದ್ದೀರಂತೆ. ಸ್ವಲ್ಪ ತಡೆಯಿರಿ.

"ಬಂಡೆಗೆ ಗುದ್ದಿ ತಳಾನೇ ಸೀಳಿಬಿಟ್ಟೆಯಲ್ಲೇ!" ಎಂದು ದಡದಲ್ಲಿ ಎಲ್ಲರೆದುರು ಬೈದು, ಅವಳ ಕೈಯಿಂದ ಕೀಲಿ ಕಿತ್ತುಕೊಂಡಿರಲ್ಲ, ಬೋಟಿನ ತಳದ ಆ ಗೀರನ್ನು ನೋಡಿದೆ. ಬಣ್ಣ ಮಾತ್ರ ಹೋಗಿದೆ. ಆಮೇಲೆ ಬೋಟನ್ನು ಟ್ರೇಲರ್ ಮೇಲೆ ನಿಲ್ಲಿಸಿ ಒಳಗೇ ನೀರು ತುಂಬಿಸಿದೆ. ಕದ್ದು ಒಳಗೆ ಬರುವ ನೀರು ಹೊರಗೆ ಹೋಗುವಾಗ ಸಿಕ್ಕಿಬೀಳುತ್ತದೆ. ಗೀರು ಒಣಗಿಯೇ ಇತ್ತು. ಹನಿ ಬಿದ್ದದ್ದು ಹಿಂಬದಿಯ ಏಣಿಯ ಸ್ಕ್ರೂಗಳಿಂದ. ನೀವೇ ಕೂರಿಸಿದ ಏಣಿ. ತೂತಿಗೆ ನೀರು ತಡೆಯುವ ಅಂಟು ಹಾಕದೆ ಬಿಗಿಸಿದ್ದೀರಿ.

ಅಕ್ಕನಿಗೆ ಮಂಡಿನೋವೆಂದೇ ಅದನ್ನು ಹಾಕಿದಿರಿ, ಗೊತ್ತು. ಅವಳು ಪಕ್ಕದಲ್ಲೇ ನಿಂತು ಹನಿ ನೋಡಿದಳು. "ಅವರಿಗೆ ಹೇಳ್ಬೇಡ ಕಣೋ, ನೊಂದ್ಕೋತಾರೆ" ಎಂದು ಒಳಗೆ ಹೋದವಳು ಊಟಕ್ಕೂ ಏಳಲಿಲ್ಲ. ನಮ್ಮಲ್ಲಿಗೆ ಬಂದವಳು ನಿಮ್ಮ ಮನೆಗೆ ಹೊರಡುವ ಮಾತನ್ನೂ ಎತ್ತುತ್ತಿಲ್ಲ.

ತೂತು ನಾನು ಮುಚ್ಚುತ್ತೇನೆ. ಕೀಲಿಯನ್ನು ಯಾರ ಕೈಲೂ ಕಳಿಸಬೇಡಿ, ಶುಕ್ರವಾರ ನೀವೇ ತಂದು ಅವಳ ಕೈಗೆ ಕೊಡಿ. ಅಂದು ದಡದಲ್ಲಿ ನಕ್ಕವರನ್ನೂ ಜೊತೆಗೆ ಕರೆತನ್ನಿ.

ಇತಿ,
ನಿಮ್ಮ ಭಾವಮೈದುನ