ಹನ್ನೆರಡು ಮನೆಗೆ ಒಂದು ಫೋನು

ಮಲಾವಿಯ ಗುಡ್ಡದೂರು
ಕ್ರಿ.ಶ. 2203, ಹದಿಮೂರನೆಯ ತಿಂಗಳ ಎರಡನೆಯ ದಿನ

ಪಟ್ಟಣದಲ್ಲಿ ಕುಳಿತು ರೈತರ ಫೋನಿಗೆ ಬಿತ್ತನೆಯ ಸಲಹೆ ಕಳಿಸುವವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆಗಾಲ ಹಿಂದಕ್ಕೆ ಸರಿದ ಮೇಲೆ ನಾವು ವರ್ಷಕ್ಕೊಂದು ತಿಂಗಳು ಸೇರಿಸಿಕೊಂಡಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಮ್ಮಲ್ಲೀಗ ಫೋನಿಲ್ಲ, ಪ್ರತಿ ಹೊಲದ ಬದುವಿನಲ್ಲಿ ಸೊಲ್ಲುಗಂಬವಿದೆ. ಎದೆಮಟ್ಟದ ಆ ಕಂಬ ಮಣ್ಣಿನ ತೇವ ನೋಡಿ, ಹೊಲದ ಒಡೆಯರಿಗೆ ಮಾತ್ರ ಕೇಳಿಸುವಂತೆ ಮಾತಾಡುತ್ತದೆ. ಕೂಲಿಯವರು ನಮ್ಮ ಮುಖ ನೋಡಿ ಮಳೆಯನ್ನು ಊಹಿಸುತ್ತಾರೆ.

ನಿಮ್ಮ ಕಾಲದಲ್ಲಿ ಈ ಊರಿನ ಹನ್ನೆರಡು ಮನೆಗೆ ಒಂದೇ ಫೋನಿತ್ತು. ಅದು ನನ್ನ ಮುತ್ತಜ್ಜಿಯ ಅಜ್ಜಿ ಜಿಯೋನೆಯದು. ನೀವು ಕಳಿಸಿದ್ದನ್ನು ಕೇಳಿ ಮನೆಮನೆಗೆ ಹೇಳುವ ಕೆಲಸವೂ ಅವಳದೇ. ಆ ವರ್ಷ ಮೊದಲ ಮಳೆ ಬಿದ್ದಾಗ ನಿಮ್ಮ ಧ್ವನಿ ಹೇಳಿತು: ಈ ಮಳೆಯನ್ನು ನಂಬಬೇಡಿ, ಮೂರು ವಾರ ಮೆಕ್ಕೆಜೋಳ ಬಿತ್ತಬೇಡಿ. ಜಿಯೋನೆ ಹತ್ತು ಮನೆಗೆ ಹಾಗೆಯೇ ಹೇಳಿದಳು. ಉಳಿದದ್ದು ತೊರೆಯಾಚೆಯ ಒಂಟಿ ಮನೆ. ಅಲ್ಲಿದ್ದವರು ವಿಧವೆ ಅಲಿನಾಫೆ ಮತ್ತು ಅವಳ ಇಬ್ಬರು ಮಕ್ಕಳು. ಅವಳ ಕಪ್ಪುಮಣ್ಣಿನ ಹೊಲದ ಮೇಲೆ ಜಿಯೋನೆಗೆ ಬಹಳ ದಿನದಿಂದ ಕಣ್ಣಿತ್ತು.

“ಫೋನು ಏನಂತು ಜಿಯೋನೆ?”

“ಇವತ್ತೇ ಬಿತ್ತು ಅಂತು. ಒಂದು ಕಾಳೂ ಉಳಿಸ್ಕೋಬೇಡ, ಪೂರ್ತಿ ಹಾಕು.”

“ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ಕಣೇ.”

ಪೈರು ಬೆರಳುದ್ದ ಬಂದಾಗ ಮಳೆ ನಿಂತು ಎಲ್ಲವೂ ಸುಟ್ಟುಹೋಯಿತು. ನಿಜವಾದ ಮಳೆ ಬಂದಾಗ ಅಲಿನಾಫೆಯ ಬಳಿ ಬೀಜವಿರಲಿಲ್ಲ. “ಫೋನು ಮಾರನೇ ದಿನ ಮಾತು ಬದಲಿಸ್ತು, ನಾನೇನ್ ಮಾಡ್ಲಿ?” ಎಂದಳು ಜಿಯೋನೆ. ಒಂದು ಬುಟ್ಟಿ ಮೆಕ್ಕೆಜೋಳ ಕೊಟ್ಟು ಹೊಲ ಬರೆಸಿಕೊಂಡಳು. ಬಿತ್ತಲು ಹೊಲವೇ ಇಲ್ಲದ ಅಲಿನಾಫೆ ಆ ಕಾಳನ್ನು ಬೇಯಿಸಿ ಮಕ್ಕಳಿಗೆ ತಿನ್ನಿಸಿದಳು. ಹಸಿವಿನ ತಿಂಗಳುಗಳು ಮುಗಿಯುವ ಮೊದಲೇ ಚಿಕ್ಕ ಮಗು ಸತ್ತಿತು. ಕೊನೆಯವರೆಗೂ ಅವಳು ಶಪಿಸಿದ್ದು ನಿಮ್ಮ ಧ್ವನಿಯನ್ನು, ಜಿಯೋನೆಯನ್ನಲ್ಲ.

ಇದನ್ನು ಯಾರೂ ಪತ್ತೆಹಚ್ಚಲಿಲ್ಲ. ಜಿಯೋನೆಯೇ ತನ್ನ ಮನೆಯವರಿಗೆ ಹೇಳಿಕೊಂಡದ್ದು. ಪ್ರತಿ ಕೊಯ್ಲಿನ ಊಟದಲ್ಲಿ ನಮ್ಮ ಮನೆಯವರು ಇದನ್ನು ಅವಳ ಜಾಣತನದ ಕಥೆಯೆಂದು ಹೇಳಿ ನಗುತ್ತಾರೆ. ಆಗ ನಮಗೆ ಬಡಿಸುತ್ತಿರುವವಳು ಅಲಿನಾಫೆಯ ವಂಶದ ತಿಯಾಮಿಕೆ. ಈ ಸಲ ನಮ್ಮ ಜೊತೆ ಅವಳೂ ನಕ್ಕಳು. ನಾನು ತಟ್ಟೆ ಸರಿಸಿ ಎದ್ದುಬಂದು ಇದನ್ನು ಬರೆಯಲು ಕೂತೆ.

ಹೊಲ ಹಿಂದಿರುಗಿಸು ಎನ್ನಬೇಡಿ. ನಾನು ಅಷ್ಟು ಒಳ್ಳೆಯವಳಲ್ಲ. ಹೋಗಬೇಕಾದವರು ನೀವು. ಆ ಮೊದಲ ಮಳೆಗೆ ಧ್ವನಿ ಕಳಿಸಿದ ದಿನವೇ ತೊರೆ ದಾಟಿ ಆ ಒಂಟಿ ಮನೆಯ ಬಾಗಿಲು ತಟ್ಟಿ, ಅಲಿನಾಫೆಯ ಕಿವಿಗೇ ಹೇಳಿ. ಆಮೇಲೆ ಇಲ್ಲಿ ಊಟಕ್ಕೆ ಕೂರುವವರು ಯಾರು, ಬಡಿಸುವವರು ಯಾರು ಎಂದು ಯೋಚಿಸಿದರೆ ನನ್ನ ಮನಸ್ಸು ಬದಲಾದೀತು. ಅದಕ್ಕೇ ಮತ್ತೊಮ್ಮೆ ಓದದೆ ಇದನ್ನು ಕಳಿಸಿಬಿಡುತ್ತಿದ್ದೇನೆ.

ಮಡಲಿತ್ಸೊ