ಆ ಕರಿಮಣಿ ಸರ ನನ್ನದಲ್ಲ

ಮೇಲ್ಮನವಿಗೆ ಸಹಿ ಹಾಕಿದ ಮಾನ್ಯ ಅಧಿಕಾರಿಗಳೇ,

ನನ್ನ ಮನೆಯಲ್ಲಿ ನಡೆದ ಸುಲಿಗೆ ಪ್ರಕರಣದಲ್ಲಿ ಕೆಳ ನ್ಯಾಯಾಲಯ ಬಿಡುಗಡೆ ಮಾಡಿದ ಮೂವರನ್ನು ಮತ್ತೆ ಜೈಲಿಗೆ ಕಳಿಸಬೇಕೆಂದು ಸರ್ಕಾರದ ಪರವಾಗಿ ತಾವು ಹೈಕೋರ್ಟಿಗೆ ಹೋಗಿದ್ದೀರಿ. ಒಡವೆ ಕಳೆದುಕೊಂಡವಳು ನಾನು, ಸಿಟ್ಟು ಬಂದಿರುವುದು ತಮಗೆ. ಇಷ್ಟು ಕಾಳಜಿಯನ್ನು ನನ್ನ ಯಜಮಾನರೂ ತೋರಿಸಿಲ್ಲ! ಕೋಲ್ಕತ್ತದ ಕನ್ನಡ ಸಂಘದ ಯುಗಾದಿ ಸಂಚಿಕೆಯಲ್ಲಿ ಬರೆದರೆ ತಮಗೆ ಓದಲು ಬಾರದು ಎಂದು ಆಕ್ಷೇಪಿಸಬೇಡಿ. ಠಾಣೆಯಲ್ಲಿ ನನ್ನಿಂದ ಸಹಿ ಹಾಕಿಸಿಕೊಂಡ ಕಾಗದ ನನಗೆ ಓದಲು ಬಾರದ ಬಂಗಾಳಿಯಲ್ಲಿತ್ತು. ಅದು ಆಗ ಯಾರಿಗೂ ಅಡ್ಡಿಯಾಗಲಿಲ್ಲ.

2002ರ ನವೆಂಬರಿನ ಒಂದು ಮಧ್ಯಾಹ್ನ ಮುಖಕ್ಕೆ ಬಟ್ಟೆ ಸುತ್ತಿಕೊಂಡ ಮೂವರು ಜೋಕಾ ಬಡಾವಣೆಯ ನಮ್ಮ ಮನೆಗೆ ನುಗ್ಗಿ, ಚಾಕು ತೋರಿಸಿ, ನನ್ನ ಕತ್ತಿನ ಮಾಂಗಲ್ಯ ಕಿತ್ತುಕೊಂಡು ಹೋದರು. ಹತ್ತೇ ದಿನದಲ್ಲಿ ಪೊಲೀಸರು ಮೂವರನ್ನು ಹಿಡಿದರು. ಅವರಲ್ಲಿ ಒಬ್ಬ ನಿಮಾಯ್, ನಮ್ಮ ಗೇಟಿನೆದುರು ಎಳನೀರು ಮಾರುವವನು. ಮನೆಯಲ್ಲಿ ನಾನೊಬ್ಬಳೇ ಇರುವ ಹೊತ್ತು ಅವನಿಗೆ ಗೊತ್ತಿತ್ತಂತೆ. ಹಾಗೆ ನೋಡಿದರೆ ಪೇಪರಿನವನಿಗೂ ಗೊತ್ತಿತ್ತು, ಪಕ್ಕದ ಮನೆಯ ಅಜ್ಜಿಗಂತೂ ಇನ್ನೂ ಚೆನ್ನಾಗಿ ಗೊತ್ತಿತ್ತು.

ಮಾಲು ಸಿಕ್ಕಿದೆ ಎಂದು ಠಾಣೆಗೆ ಕರೆಸಿದರು. ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟದ್ದು ಸಣ್ಣ ಕರಿಮಣಿಯ ಒಂದು ಸರ, ನಡುವೆ ಮಿನುಗುವ ಒಂದೇ ಒಂದು ಪದಕ. ಹಿಂದಿ ಧಾರಾವಾಹಿಯ ಸೊಸೆಯರು ಅಡುಗೆಮನೆಯಲ್ಲೂ ಹಾಕಿಕೊಂಡಿರುತ್ತಾರಲ್ಲ, ಅದೇ. ಶಂಖದ ಬಳೆ ನೋಡಿ ಮುತ್ತೈದೆಯನ್ನು ಗುರುತಿಸುವ ಊರಿನವರು ಪಾಪ, ಮಾಂಗಲ್ಯದ ವಿಚಾರವನ್ನೆಲ್ಲ ಟಿವಿಯಿಂದಲೇ ಕಲಿತಿದ್ದರು.

"ನನ್ನದರಲ್ಲಿ ಎರಡು ತಾಳಿ ಇವೆ. ಒಂದು ತವರಿನದು, ಒಂದು ಅತ್ತೆಮನೆಯದು. ಮಧ್ಯೆ ಹವಳ ಇದೆ" ಎಂದೆ.

"ಬೌದಿ, ಇದೂ ಮಂಗಳಸೂತ್ರಾನೇ ತಾನೇ?" ಎಂದರು. ಅತ್ತಿಗೆ ಎಂದು ಕರೆದು ಟೀ ಕೊಟ್ಟರು. ಬಂದುಹೋದದ್ದಕ್ಕೆ ಒಂದು ಸಹಿ ಅಂದರು. ಹಾಕಿದೆ. ಸರ ನನ್ನದೇ ಎಂದು ಆ ಕಾಗದದಲ್ಲಿ ಬರೆದಿತ್ತೆಂಬುದು ಆಮೇಲೆ ಕೋರ್ಟಿನಲ್ಲಿ ತಿಳಿಯಿತು. ಅಷ್ಟರಲ್ಲಿ ನಿಮಾಯ್ ಮೂರು ವರ್ಷ ಒಳಗೆ ಕೊಳೆತಿದ್ದ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ಕಟಕಟೆಯಲ್ಲಿ ಸರವನ್ನು ಕೈಗೆ ಕೊಟ್ಟಾಗ ನನ್ನದಲ್ಲ ಎಂದೆ. "ಸರಿಯಾಗಿ ನೆನಪು ಮಾಡಿಕೊಳ್ಳಿ ಮೇಡಂ" ಎಂದು ಸರ್ಕಾರಿ ವಕೀಲರು ಗದರಿದರು. ಮತ್ತೊಮ್ಮೆ ಅಲ್ಲ ಎಂದೆ. ಮೂವರೂ ಬಿಡುಗಡೆಯಾದರು.

ಈಗ ತಮ್ಮ ಮೇಲ್ಮನವಿ ಹೇಳುತ್ತದೆ: ಕಾಲ ಕಳೆದಂತೆ ಸಾಕ್ಷಿಯ ನೆನಪು ಮಸುಕಾಗಿದೆ. ಇಪ್ಪತ್ತಮೂರು ವರ್ಷ ಸ್ನಾನಕ್ಕೂ ತೆಗೆಯದ ಒಡವೆ ನನಗೆ ಮರೆತುಹೋಗಿದೆ, ಅದನ್ನು ಒಮ್ಮೆಯೂ ನೋಡದ ತಮಗೆ ಸ್ಪಷ್ಟವಾಗಿ ನೆನಪಿದೆ! ಒಳಗಿನ ಕಾರಣವನ್ನು ತಮ್ಮ ಕಚೇರಿಯ ಗುಮಾಸ್ತರೇ ನನ್ನ ಯಜಮಾನರಿಗೆ ಹೇಳಿದರು. "ಸೆಕ್ಟರ್ ಫೈವ್‌ಗೆ ದೊಡ್ಡ ದೊಡ್ಡ ಕಂಪ್ಯೂಟರ್ ಕಂಪನಿಗಳು ಬರ್ತಿವೆ ದಾದಾ, ಸುಲಿಗೆ ಕೇಸುಗಳು ಬಿದ್ದುಹೋದ್ರೆ ಊರಿನ ಹೆಸರು ಏನಾಗ್ಬೇಕು?" ಅಂದರೆ ಕಂಪ್ಯೂಟರಿನವರಿಗೆ ಧೈರ್ಯ ಬರಲು ಎಳನೀರಿನವನು ಜೈಲಿಗೆ ಹೋಗಬೇಕು. ನಿಜವಾಗಿ ಚಾಕು ಹಿಡಿದು ಬಂದವರು ಎಲ್ಲಿದ್ದಾರೆಂದು ಹುಡುಕುವುದು ಬಹುಶಃ ಅಭಿವೃದ್ಧಿಯ ಲೆಕ್ಕಕ್ಕೆ ಬರುವುದಿಲ್ಲ.

ಹೈಕೋರ್ಟಿನ ನೋಟಿಸು ಹಿಡಿದು ನಿಮಾಯ್ ಗೇಟಿಗೆ ಬಂದಿದ್ದ. "ನೀವೇ ಅಲ್ಲ ಅಂದ್ರಲ್ಲ ಬೌದಿ, ಮತ್ತೆ ಯಾಕೆ?" ಎಂದು ಕೇಳಿದ. ಆ ಪ್ರಶ್ನೆಯನ್ನೇ ತಮಗೆ ದಾಟಿಸುತ್ತಿದ್ದೇನೆ.

ಮಾನ್ಯರೇ, ಮೇಲ್ಮನವಿಯನ್ನು ಹಿಂತೆಗೆದುಕೊಳ್ಳಿ. ಅಷ್ಟೇ ಅಲ್ಲ, ಮೂರು ವರ್ಷದಿಂದ ಯಾರೂ ಕೇಳದ ಒಂದು ಪ್ರಶ್ನೆಯನ್ನು ತಮ್ಮ ಠಾಣೆಗೆ ಕೇಳಿ. ನನ್ನದಲ್ಲದ ಆ ಸರ ಯಾರ ಕತ್ತಿನಿಂದ ಬಂತು? ಆಕೆ ಎಲ್ಲೋ ದೂರು ಕೊಟ್ಟು ಇನ್ನೂ ಕಾಯುತ್ತಿರಬಹುದು. ಅಂಗಡಿಯಿಂದ ಬಂದಿದ್ದರೆ, ಠಾಣೆಗೆ ಕೊಂಡು ತಂದವರು ಯಾರೆಂದು ಬರೆಯಿರಿ, ಅವರ ಮೇಲೆ ಕೇಸು ಹಾಕಿ. ಸಾಕ್ಷಿ ಹೇಳಲು ನಾನು ಬರುತ್ತೇನೆ.

ಇಂತಿ,
ತಮ್ಮದೇ ಕಡೆಯ ಒಂದನೇ ಸಾಕ್ಷಿ,
ವಸುಂಧರಾ ಬದರಿನಾಥ
ಜೋಕಾ, ಕೋಲ್ಕತ್ತ
ಮಾರ್ಚ್ 2006